ನಿಮಗಿದು ಗೊತ್ತೇ? ನ್ಯಾಯಾಧೀಶರಿಗೂ ಸಂಘವಿದೆ!

ಶಿಕ್ಷಕರಿಗೆ, ವಕೀಲರಿಗೆ, ಸರ್ಕಾರಿ ನೌಕರರಿಗೆ ಸಂಘ ಇರುವುದು ಎಲ್ಲರಿಗೂ ಗೊತ್ತು. ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ನ್ಯಾಯಾಧೀಶರಿಗೂ ರಾಜ್ಯಮಟ್ಟದ ಸಂಘಗಳಿವೆ. ಅವು ಮಾಡಿರುವ ಕೆಲಸ ಮಾತ್ರ ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ.

● ಈ ಸಂಘಗಳ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗಳು ಸಾಮಾನ್ಯವಾಗಿ ಸೇವೆಯಲ್ಲಿರುವ ನ್ಯಾಯಾಧೀಶರೇ. ಹಗಲೆಲ್ಲ ಸಾಕ್ಷಿ, ವಾದ, ತೀರ್ಪು. ಸಂಘದ ಕೆಲಸವೇನಿದ್ದರೂ ಕಲಾಪ ಮುಗಿದ ಮೇಲೆ.

● ಸಂವಿಧಾನದ 235ನೇ ವಿಧಿಯ ಪ್ರಕಾರ ಕೆಳಹಂತದ ನ್ಯಾಯಾಲಯಗಳ ಮೇಲಿನ ನಿಯಂತ್ರಣ ಹೈಕೋರ್ಟಿನದು. ಆದರೆ ಸಂಬಳ, ಕಟ್ಟಡಗಳಿಗೆ ಹಣ ಕೊಡಬೇಕಾದದ್ದು ರಾಜ್ಯ ಸರ್ಕಾರ. ಹಾಗಾಗಿ ಸಂಘದ ಪದಾಧಿಕಾರಿಗಳು ಎರಡೂ ಬಾಗಿಲು ತಟ್ಟಬೇಕು.

● ನ್ಯಾಯಾಧೀಶರು ಸಂಘ ಕಟ್ಟಿಕೊಳ್ಳಬಹುದೆಂದು ವಿಶ್ವಸಂಸ್ಥೆ 1985ರಲ್ಲೇ ಒಪ್ಪಿದೆ. ಅದು ಹೇಳಿದ ಉದ್ದೇಶಗಳು ಮೂರು: ಸದಸ್ಯರ ಹಿತ, ವೃತ್ತಿ ತರಬೇತಿ, ನ್ಯಾಯಾಂಗದ ಸ್ವಾತಂತ್ರ್ಯ.

● ನ್ಯಾಯಾಧೀಶರ ನಡತೆಗೆ ಜಗತ್ತಿನ ಹಲವು ದೇಶಗಳು ಮಾದರಿಯಾಗಿ ನೋಡುವ ಸಂಹಿತೆಯ ಹೆಸರೇ ‘ಬೆಂಗಳೂರು ತತ್ವಗಳು’. ಅದರ ಕರಡು 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡಿತು. ನ್ಯಾಯಾಧೀಶರು ತಮ್ಮ ಸಂಘ ಸೇರುವುದಕ್ಕೆ ಅದರಲ್ಲೂ ಅನುಮತಿಯಿದೆ.

● 1989ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ನಡಿಯಾದ್‌ನಲ್ಲಿ ಪೊಲೀಸರು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರೊಬ್ಬರಿಗೆ ಕೈಕೋಳ ತೊಡಿಸಿ, ಹಗ್ಗದಿಂದ ಕಟ್ಟಿ, ಫೋಟೊ ತೆಗೆಸಿದರು. ದೂರದ ದೆಹಲಿಯ ನ್ಯಾಯಾಂಗ ಸೇವಾ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ಇತರ ಸಂಘಗಳೂ ಜೊತೆಗೂಡಿದವು. 1991ರ ತೀರ್ಪು ತಪ್ಪಿತಸ್ಥ ಪೊಲೀಸರನ್ನು ನ್ಯಾಯಾಂಗ ನಿಂದನೆಗಾಗಿ ಶಿಕ್ಷಿಸಿತು. ನ್ಯಾಯಾಧೀಶರನ್ನು ಬಂಧಿಸಬೇಕಾದರೆ ಜಿಲ್ಲಾ ನ್ಯಾಯಾಧೀಶರಿಗೆ ಅಥವಾ ಹೈಕೋರ್ಟಿಗೆ ತಿಳಿಸಲೇಬೇಕೆಂಬ ನಿಯಮ ಹುಟ್ಟಿದ್ದು ಆಗಲೇ.

● ಮುಷ್ಕರ, ಧರಣಿ ನ್ಯಾಯಾಧೀಶರ ಹಾದಿಯಲ್ಲ. ತೀರ್ಪು ಕೊಡುವವರೂ ನ್ಯಾಯ ಬೇಕಾದಾಗ ಅರ್ಜಿ ಹಾಕಬೇಕು. ಅಖಿಲ ಭಾರತ ನ್ಯಾಯಾಧೀಶರ ಸಂಘ 1989ರಲ್ಲಿ ಸಲ್ಲಿಸಿದ 1022ನೇ ರಿಟ್ ಅರ್ಜಿಯಲ್ಲಿ 2025ರಲ್ಲೂ ಆದೇಶ ಹೊರಬಿದ್ದಿದೆ!

● ಅದೇ ಅರ್ಜಿಯ 1991ರ ತೀರ್ಪು ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ವಸತಿಗೃಹ, ಮನೆಯಲ್ಲೊಂದು ಪುಸ್ತಕ ಸಂಗ್ರಹ, ಸೇವಾವಧಿಯ ತರಬೇತಿಗೂ ಸೂಚಿಸಿತು.

● ‘ಇವರಿಗೆ ಕೊಟ್ಟರೆ ಉಳಿದ ನೌಕರರೂ ಕೇಳುತ್ತಾರೆ’ ಎಂಬುದು ಸರ್ಕಾರಗಳ ಆಕ್ಷೇಪವಾಗಿತ್ತು. ನ್ಯಾಯಾಧೀಶರು ನೌಕರರಲ್ಲ, ಶಾಸಕರು ಮತ್ತು ಮಂತ್ರಿಗಳಂತೆ ಪ್ರಭುತ್ವದ ಅಧಿಕಾರ ಚಲಾಯಿಸುವವರು ಎಂದು 1993ರಲ್ಲಿ ಸುಪ್ರೀಂ ಕೋರ್ಟ್ ಉತ್ತರಿಸಿತು.

● ಸಂಘದ ಹೋರಾಟದ ಫಲವಾಗಿ 1996ರಲ್ಲಿ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ ಬಂತು. ಅದರ ಅಧ್ಯಕ್ಷರು ನಮ್ಮ ಕರಾವಳಿಯವರಾದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ‘ಶೆಟ್ಟಿ ಆಯೋಗ’ ಎಂದರೆ ದೇಶದ ಯಾವ ನ್ಯಾಯಾಲಯದಲ್ಲೂ ಗುರುತು ಸಿಗುತ್ತದೆ.

● ಪ್ರತಿ 10 ಲಕ್ಷ ಜನರಿಗೆ 50 ನ್ಯಾಯಾಧೀಶರಿರಬೇಕು, ಐದು ವರ್ಷದೊಳಗೆ ಈ ಗುರಿ ಮುಟ್ಟಬೇಕು ಎಂದು 1989ರ ಅದೇ ಅರ್ಜಿಯ 2002ರ ತೀರ್ಪು ಹೇಳಿತು. ಗುರಿ ಇನ್ನೂ ದೂರವೇ ಇದೆ. ಸಂಘದ ಬೇಡಿಕೆಗಳಲ್ಲಿ ಜನಸಾಮಾನ್ಯರಿಗೆ ತೀರ ಹತ್ತಿರದ್ದು ಇದೇ.

● ಪ್ರತಿ ಹೈಕೋರ್ಟಿನಲ್ಲೂ ಜಿಲ್ಲಾ ನ್ಯಾಯಾಂಗದ ಸೇವಾ ಸ್ಥಿತಿಗತಿ ನೋಡಿಕೊಳ್ಳುವ ಸಮಿತಿ ಇರಬೇಕೆಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ದಿನನಿತ್ಯದ ಅಹವಾಲು ಕೇಳುವ ಹೊಣೆ ಅದರಲ್ಲಿರುವ ನಿವೃತ್ತ ನ್ಯಾಯಾಧೀಶರದು.

● ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿಕೆ ಕಡ್ಡಾಯ ಎಂಬ ನಿಯಮವನ್ನು 1989ರ ಅರ್ಜಿಯ ಅದೇ 2002ರ ತೀರ್ಪು ಕೈಬಿಟ್ಟಿತ್ತು. 2025ರ ಮೇ ತಿಂಗಳಲ್ಲಿ ಅದು ಮರಳಿ ಬಂದಿದೆ.

ಹೊರೆ ಹೆಚ್ಚಿದ, ಬೆದರಿಕೆಗೆ ಈಡಾದ ನ್ಯಾಯಾಧೀಶರಿಂದ ಕಕ್ಷಿದಾರರಿಗೆ ಒಳಿತಾಗದು. ನ್ಯಾಯಾಧೀಶರ ಸಂಘ ಮನವಿ ಸಲ್ಲಿಸಿದ ಸುದ್ದಿ ಕಂಡರೆ, ಅದು ಅವರ ಸಂಬಳದ ವಿಷಯವೆಂದು ಪುಟ ತಿರುವಬೇಡಿ. ನಮ್ಮ ಪ್ರಕರಣ ಎಷ್ಟು ಬೇಗ, ಎಷ್ಟು ನಿರ್ಭೀತಿಯಿಂದ ತೀರ್ಮಾನವಾಗುತ್ತದೆ ಎಂಬುದೂ ಆ ಮನವಿಯಲ್ಲಿ ಅಡಗಿದೆ.