ಹಳೆಯ ಗಣಕಯಂತ್ರದ ಗಲ್ಲಾಪೆಟ್ಟಿಗೆ

ಪೀತಮ್‌ಪುರದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಬ್ಯಾಂಕಿನ ನೌಕರಿಯ ನಿಮಿತ್ತ ದೆಹಲಿಗೆ ಬಂದವರು ಅನೇಕರು. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಎಂಬ ಹೆಸರುಗಳು ನಮಗೆ ಮನೆತನದ ಹೆಸರುಗಳಂತಿದ್ದವು. (ಈ ನಾಲ್ಕರಲ್ಲಿ ಕೆನರಾ ಮಾತ್ರ ಇಂದು ಸ್ವಂತ ಹೆಸರಿನಲ್ಲಿ ಉಳಿದಿದೆ, ವಿಜಯಾ 2019ರಲ್ಲಿಯೂ ಇನ್ನೆರಡು 2020ರಲ್ಲಿಯೂ ವಿಲೀನಗೊಂಡವು.) 1984ರಲ್ಲಿ ಶ್ರೀ ಸಿ. ರಂಗರಾಜನ್ ಅವರ ಸಮಿತಿಯು ವರದಿ ಸಲ್ಲಿಸಿದ ತರುವಾಯ ಶಾಖೆಗಳಿಗೆ ಯಂತ್ರಗಳು ಬಂದವು. ಅಲ್ಲಿ ಕೈ ಪಳಗಿಸಿಕೊಂಡವರು ಮುಂದೆ ನೆಹರೂ ಪ್ಲೇಸಿನಿಂದ ಮನೆಗೂ ಗಣಕಯಂತ್ರ ತಂದರು.

ನಮ್ಮ ಪರಿಚಯದ ಹಿರಿಯರೊಬ್ಬರು 1994ರಿಂದ ತಮ್ಮ ಪತ್ನಿಯವರ ರಕ್ತದ ಸಕ್ಕರೆ, ರಕ್ತದೊತ್ತಡ, ಕ್ರಿಯಾಟಿನಿನ್ ಅಂಕಿಗಳನ್ನು ಅಂತಹ ಯಂತ್ರದಲ್ಲಿ ದಾಖಲಿಸುತ್ತಿದ್ದರು. ಮೂತ್ರಪಿಂಡದ ಶಕ್ತಿ ಯಾವಾಗಿನಿಂದ ಕುಗ್ಗತೊಡಗಿತೆಂದು ಕಳೆದ ವರ್ಷ ವೈದ್ಯರು ಕೇಳಿದಾಗ, ಉತ್ತರವು ಅಟ್ಟದ ಮೇಲಿನ ಆ ಪೆಟ್ಟಿಗೆಯಲ್ಲಿತ್ತು. ಆ ಡಿಸ್ಕು ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ತಿಳಿಯದೆ ಅದನ್ನು ಮುಟ್ಟುವುದು ಕ್ಷೇಮವಲ್ಲ.

ಲೆಕ್ಕ ಸುಲಭವಾಗಲೆಂದು 1983ರ ಐಬಿಎಂ ಪಿಸಿ ಎಕ್ಸ್‌ಟಿ ಯಂತ್ರವನ್ನೇ ತೆಗೆದುಕೊಳ್ಳೋಣ. ಅದರ 10 ಮೆಗಾಬೈಟ್ ಡಿಸ್ಕು ನಿಮಿಷಕ್ಕೆ 3600, ಅಂದರೆ ಸೆಕೆಂಡಿಗೆ 60 ಸುತ್ತು ತಿರುಗುತ್ತಿತ್ತು. ಪ್ರತಿ ವರ್ತುಲದಲ್ಲಿ 512 ಬೈಟುಗಳ 17 ಖಂಡಗಳು. ಗುಣಿಸಿದರೆ ಸೆಕೆಂಡಿಗೆ 5,22,240 ಬೈಟು ದೊರೆಯಬೇಕು. ಆದರೆ ದೊರೆಯುತ್ತಿರಲಿಲ್ಲ. ಒಂದು ಖಂಡವನ್ನು ಓದಿ ಸಾಗಿಸುವಷ್ಟರಲ್ಲಿ ಮುಂದಿನದು ಸೂಜಿಯ ಕೆಳಗಿನಿಂದ ಜಾರಿಹೋಗುತ್ತಿತ್ತು. ರಿಂಗ್ ರಸ್ತೆಯಲ್ಲಿ ಒಂದೇ ಒಂದು ಮುದ್ರಿಕಾ ಬಸ್ಸು ಓಡುತ್ತಿದೆಯೆಂದು ಭಾವಿಸಿರಿ. ಅರೆಗಳಿಗೆ ತಡವಾದರೆ ಮತ್ತೊಂದು ಪೂರ್ಣ ಸುತ್ತು ಕಾಯಲೇಬೇಕು. ಆದ್ದರಿಂದ ಖಂಡಗಳಿಗೆ ಸಾಲಾಗಿ ಸಂಖ್ಯೆ ಕೊಡದೆ ಪ್ರತಿ ಆರನೆಯ ಸ್ಥಾನಕ್ಕೆ ಕೊಡುತ್ತಿದ್ದರು. ಇದರಿಂದ ಒಂದು ವರ್ತುಲವನ್ನು ಓದಲು ಆರು ಸುತ್ತು ಸಾಕಾಗುತ್ತಿತ್ತು. ವೇಗವು ಸೆಕೆಂಡಿಗೆ 87,040 ಬೈಟಿಗೆ ಇಳಿಯುತ್ತಿತ್ತು. ನಿಧಾನವೆನಿಸಿದರೂ ಪ್ರತಿ ಖಂಡಕ್ಕೂ ಒಂದು ಸುತ್ತು ಕಾಯುವುದಕ್ಕಿಂತ ಇದು ಎಷ್ಟೋ ಮೇಲು.

ಬೇಕಾದ ಖಂಡಗಳು ಅಲ್ಲಲ್ಲಿ ಚದುರಿದ್ದರಂತೂ ಸ್ಥಿತಿ ಶೋಚನೀಯ. ಸೂಜಿಯು ಸ್ಥಾನ ಬದಲಿಸಲು ಸರಾಸರಿ 85 ಮಿಲಿಸೆಕೆಂಡು, ಖಂಡ ಎದುರಿಗೆ ಬರಲು ಇನ್ನೂ ಎಂಟು. ಹೀಗೆ ಸೆಕೆಂಡಿಗೆ ಹತ್ತು ಹನ್ನೊಂದು ಖಂಡಗಳು ಮಾತ್ರ. 1994ರ ಹೊತ್ತಿಗೆ ಡಿಸ್ಕುಗಳು ಬಹಳ ಚುರುಕಾಗಿದ್ದರೂ ಸ್ಮೃತಿಕೋಶದ ಮುಂದೆ ಅವು ಆಮೆಗಳೇ.

ಇದಕ್ಕೆ ಕಂಡುಕೊಂಡ ಉಪಾಯವೇ ಕ್ಯಾಶ್. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಮೂಲದ ಪದವಿದು. ಉಚ್ಚಾರದಲ್ಲಿ ನಮ್ಮ ನಗದಿಗೂ ಇದಕ್ಕೂ ಭೇದವಿಲ್ಲ, ಗುಣದಲ್ಲಿಯೂ ಸಾಮ್ಯವಿದೆ! ಪ್ರತಿ ಚೆಕ್ಕಿಗೂ ಕ್ಯಾಷಿಯರನು ಸ್ಟ್ರಾಂಗ್ ರೂಮಿಗೆ ಓಡುವುದಿಲ್ಲವಷ್ಟೆ. ಬೆಳಿಗ್ಗೆಯೇ ಕಟ್ಟುಗಳನ್ನು ತಂದು ಗಲ್ಲಾಪೆಟ್ಟಿಗೆಯಲ್ಲಿರಿಸಿಕೊಳ್ಳುತ್ತಾನೆ. ಮೈಕ್ರೋಸಾಫ್ಟಿನ ಸ್ಮಾರ್ಟ್‌ಡ್ರೈವ್ ಎಂಬ ತಂತ್ರಾಂಶವು ಡಿಸ್ಕಿನಿಂದ ಒಮ್ಮೆ ಓದಿದ್ದನ್ನೂ ಅದರ ನೆರೆಯದನ್ನೂ ಸ್ಮೃತಿಯಲ್ಲಿ ಹಿಡಿದಿಡುತ್ತಿತ್ತು. ನೂರು ಕೋರಿಕೆಗಳಲ್ಲಿ ತೊಂಬತ್ತು ಅಲ್ಲಿಯೇ ತೀರಿದರೆ, ಎಕ್ಸ್‌ಟಿಯ ಗತಿಯಲ್ಲಿ ಒಂಬತ್ತು ಸೆಕೆಂಡಿನ ಕಾರ್ಯ ಒಂದು ಸೆಕೆಂಡಿಗೆ ಇಳಿಯುತ್ತದೆ.

ಓದುವುದರಲ್ಲಿ ಅಪಾಯವಿಲ್ಲ, ಬರೆಯುವುದರಲ್ಲಿದೆ. 1993ರ ಎಂಎಸ್-ಡಾಸ್ 6.0ರಲ್ಲಿ ಬರೆದ ಅಂಶವೂ ಕೆಲವು ಸೆಕೆಂಡು ಗಲ್ಲಾಪೆಟ್ಟಿಗೆಯಲ್ಲಿ ಉಳಿಯುತ್ತಿತ್ತು, ಪರದೆಯ ಮೇಲೆ ಮಾತ್ರ ಕೆಲಸ ಮುಗಿದಂತೆ ತೋರುತ್ತಿತ್ತು. ರಸೀತಿ ಕೊಟ್ಟಾಗಿದೆ, ಹಣ ಇನ್ನೂ ಸ್ಟ್ರಾಂಗ್ ರೂಮು ಸೇರಿಲ್ಲ! ಜೂನ್ ತಿಂಗಳ ರಾತ್ರಿಗಳಲ್ಲಿ ಕರೆಂಟು ಹೋಗುತ್ತಿದ್ದ ದೆಹಲಿಯಲ್ಲಿ ಇದು ಸಣ್ಣ ಮಾತಲ್ಲ. ಅದೇ ವರ್ಷದ 6.2ರಲ್ಲಿ, ಎಲ್ಲವೂ ಡಿಸ್ಕಿಗೆ ಇಳಿದ ಮೇಲೆಯೇ ಮುಂದಿನ ಆಜ್ಞೆಗೆ ಅವಕಾಶವೆಂಬ ಏರ್ಪಾಡಾಯಿತು. ನನ್ನ ದೃಷ್ಟಿಯಲ್ಲಿ ಇದು ಆಡಿಟರು ಮೆಚ್ಚುವ ತಿದ್ದುಪಡಿ.

ನಮ್ಮ ಹಿರಿಯರದು 6.0. ಹಾಗೆ ಕರೆಂಟು ಹೋದೊಂದು ರಾತ್ರಿಯ ಮೂರು ದಾಖಲೆಗಳು ಇಲ್ಲವಾಗಿದ್ದವು. ಪುಣ್ಯಕ್ಕೆ ಅವರ ಪತ್ನಿ ಅವನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಉಳಿದುದನ್ನು ಪಡೆಯಲು ಯಂತ್ರವನ್ನು ಅವಸರದಿಂದ ಚಾಲೂ ಮಾಡಲಿಲ್ಲ. ಮೊದಲು ಒಳಗಿನ ಬ್ಯಾಟರಿಯನ್ನು ಪರೀಕ್ಷಿಸಲಾಯಿತು. ಹಳೆಯ ಬ್ಯಾಟರಿಗಳು ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುವುದುಂಟು. ಬ್ಯಾಟರಿ ಸತ್ತಿದ್ದುದರಿಂದ ಯಂತ್ರವು ಡಿಸ್ಕಿನ ಅಳತೆಯನ್ನೇ ಮರೆತಿತ್ತು. ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳು ಡಿಸ್ಕಿನ ಚೀಟಿಯ ಮೇಲೆಯೇ ಅಚ್ಚಾಗಿದ್ದವು, ನೋಡಿ ತುಂಬಲಾಯಿತು. ಇಂದಿನ ಯುಎಸ್‌ಬಿ ಅಡಾಪ್ಟರುಗಳಲ್ಲಿ ಹಲವು ಆ ಕಾಲದ ಡಿಸ್ಕುಗಳನ್ನು ಗುರುತಿಸಲಾರವು, ಆದ್ದರಿಂದ ಮೂಲ ಯಂತ್ರವನ್ನು ಕಬಾಡಿವಾಲಾನಿಗೆ ಕೊಡದೆ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಒಮ್ಮೆ ಚಾಲೂ ಆದೊಡನೆ ಏನನ್ನೂ ಹೊಸದಾಗಿ ಬರೆಯದೆ ಕಡತಗಳನ್ನು ಫ್ಲಾಪಿಗಳಿಗೆ ನಕಲಿಸಿದರು.

1994ರಿಂದ ಮೊದಲ್ಗೊಂಡು ಕ್ರಿಯಾಟಿನಿನ್ ಅಂಕಿಗಳು ಒಂದೊಂದಾಗಿ ಹೊರಬಂದವು. ಹಾಳೆಯ ಮೇಲೆ ಅಚ್ಚುಮಾಡಿ, ಹಾಲಿನ ಪುಸ್ತಕದ ಮೂರು ಸಾಲುಗಳನ್ನು ಕೈಯಿಂದಲೇ ಸೇರಿಸಿ, ಮರುದಿನ ವೈದ್ಯರಿಗೆ ಒಪ್ಪಿಸಿದರು.