ಮನೋರೋಗದ ಚಿಕಿತ್ಸೆ ಮತ್ತು ವಿಮೆಯ ಸಮಾನತೆ

ಮನೋರೋಗಕ್ಕೂ ದೇಹರೋಗಕ್ಕೂ ವಿಮೆಯ ರಕ್ಷಣೆ ಸಮಾನವಾಗಿರಬೇಕೆಂಬ ತತ್ತ್ವವು ನಮ್ಮ ದೇಶದಲ್ಲಿ ಶಾಸನದ ರೂಪವನ್ನು ತಾಳಿದುದು ತೀರ ಈಚೆಗೆ. ಶಿವಮೊಗ್ಗ ಮತ್ತು ಭದ್ರಾವತಿಗಳ ರೋಗಿಗೆ ಅದರಿಂದ ಎಷ್ಟರಮಟ್ಟಿನ ಪ್ರಯೋಜನವುಂಟೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

1912ರ ಕಾಯಿದೆಯು ಮನೋರೋಗಿಯನ್ನು ಕಾವಲಿನಲ್ಲಿಡುವ ವಿಚಾರಕ್ಕೇ ಪ್ರಾಧಾನ್ಯ ಕೊಟ್ಟಿತ್ತು. ಅದರ ಸ್ಥಾನದಲ್ಲಿ ಬಂದ 1987ರ ಕಾಯಿದೆಯಲ್ಲಿಯೂ ವಿಮೆಯ ಮಾತಿರಲಿಲ್ಲ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 21ನೆಯ ಪ್ರಕರಣವಾದರೋ, ದೇಹರೋಗಕ್ಕೆ ಯಾವ ಆಧಾರದ ಮೇಲೆ ವಿಮೆ ದೊರೆಯುವುದೋ ಅದೇ ಆಧಾರದ ಮೇಲೆ ಮನೋರೋಗಕ್ಕೂ ದೊರೆಯತಕ್ಕದ್ದೆಂದು ವಿಧಿಸಿತು. ವಿಮಾ ನಿಯಂತ್ರಣ ಪ್ರಾಧಿಕಾರವು ಅದೇ ವರ್ಷದ ಆಗಸ್ಟಿನಲ್ಲಿ ಇದರ ಪಾಲನೆಗೆ ಸೂಚನೆಯಿತ್ತಿತು. 2022ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಗಡುವನ್ನು ವಿಧಿಸಬೇಕಾಯಿತು. ಶಾಸನಕ್ಕೂ ಆಚರಣೆಗೂ ನಡುವಣ ಅಂತರಕ್ಕೆ ಬೇರೆ ಸಾಕ್ಷ್ಯ ಬೇಡ.

ಕಬ್ಬಿಣದ ಕಾರ್ಖಾನೆಯಿಂದಲೂ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿಂದಲೂ ಬೆಳೆದ ಭದ್ರಾವತಿಯಂಥ ಊರಿನಲ್ಲಿ ಚಿಕಿತ್ಸೆಯ ಸೌಲಭ್ಯವು ಬಹುಮಟ್ಟಿಗೆ ಉದ್ಯೋಗವನ್ನು ಅವಲಂಬಿಸಿರುತ್ತದೆ. 1948ರ ಕಾಯಿದೆಯಿಂದ ಹುಟ್ಟಿದ ನೌಕರರ ರಾಜ್ಯ ವಿಮೆಯು ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ತೀವ್ರ ಮನೋರೋಗವನ್ನೂ ಸೇರಿಸಿಕೊಂಡಿದೆ. ಆದರೆ ಅದು ನಿಗದಿಯಾದ ವೇತನಮಿತಿಯೊಳಗಿನ ಕೆಲಸಗಾರರಿಗೆ ಮಾತ್ರ. ಉದ್ಯೋಗಕ್ಕೆ ಅಂಟಿಕೊಂಡ ರಕ್ಷಣೆ ಉದ್ಯೋಗದೊಡನೆಯೇ ಕಳಚುತ್ತದೆ. ಕಾರ್ಖಾನೆ ನಿಂತು ಮನಸ್ಸಿನ ಭಾರ ಹೆಚ್ಚುವ ಕಾಲವೂ ಅದೇ.

ಸ್ವಂತ ಹಣದಿಂದ ವಿಮೆ ಕೊಂಡವನ ಸ್ಥಿತಿಯನ್ನು ನೋಡೋಣ. ಸಾಮಾನ್ಯ ವಿಮಾಪತ್ರವು ಆಸ್ಪತ್ರೆಯಲ್ಲಿ 24 ಗಂಟೆಯಾದರೂ ಒಳರೋಗಿಯಾಗಿದ್ದವನ ವೆಚ್ಚವನ್ನು ಭರಿಸುತ್ತದೆ. ಖಿನ್ನತೆ ಮೊದಲಾದವುಗಳ ಚಿಕಿತ್ಸೆಯಾದರೋ ಬಹುಪಾಲು ಹೊರರೋಗಿಯಾಗಿಯೇ ನಡೆಯುತ್ತದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ತಿಂಗಳು ತಿಂಗಳೂ ಬಂದು ವೈದ್ಯರನ್ನು ಕಂಡು ಔಷಧ ಕೊಳ್ಳುವವನಿಗೆ ಇಂಥ ವಿಮೆಯಿಂದ ಒಂದು ಕಾಸೂ ಬಾರದು. ಮಧುಮೇಹಿಗೂ ಇದೇ ನಿಯಮವೆಂದು ವಿಮಾದಾರರು ಹೇಳಬಹುದು. ಶಾಸನದ ಅಕ್ಷರಕ್ಕೆ ಅದು ಸಮ್ಮತವೇ. ಆದರೆ ಶಸ್ತ್ರಚಿಕಿತ್ಸೆಯನ್ನು ಕಣ್ಣ ಮುಂದಿಟ್ಟುಕೊಂಡು ರಚಿಸಿದ ನಿಯಮವನ್ನು ಮನೋರೋಗಕ್ಕೂ ಅನ್ವಯಿಸಿದರೆ ನಿಯಮ ಸಮಾನವಾಗುವುದೇ ಹೊರತು ಫಲ ಸಮಾನವಾಗುವುದಿಲ್ಲ.

ಈ ಕೊರತೆಯನ್ನು ಕೆಲಮಟ್ಟಿಗೆ ತುಂಬುತ್ತಿರುವುದು ಸರಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. 1996ರಲ್ಲಿ ದೇಶದಲ್ಲಿ ಆರಂಭವಾದ ಈ ಯೋಜನೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಯಿತೆಂಬುದು ಸ್ಮರಣೀಯ. ಚಿಕಿತ್ಸೆಯು ರೋಗಿಯ ಊರಿನ ಬಳಿಗೇ ಬರಬೇಕೆಂಬುದು ಆ ಪ್ರಯೋಗದ ಪಾಠ. ಹೊರರೋಗಿಯ ವೆಚ್ಚವನ್ನೂ ವಿಮೆಯು ಒಳಗೊಂಡಾಗಲೇ 2017ರ ಶಾಸನದ ಆಶಯ ಸಾರ್ಥಕವಾದೀತೆಂಬುದು ನಮ್ಮ ಅಭಿಪ್ರಾಯ.