ಸಿಂಧನೂರು, ಕಾಲುವೆಗೆ ಒಲಿದು ಬಂದವರ ಊರು

ಸಿಂಧನೂರು ದಾಟಿ ಯಾವ ದಿಕ್ಕಿಗೆ ಹೊರಟರೂ ದಾರಿಯುದ್ದಕ್ಕೂ ಕ್ಯಾಂಪುಗಳೇ.

ಮೊದಲು ಇದು ಮಳೆ ನಂಬಿದ ಎರೆಸೀಮೆ. ಜೋಳ, ಹತ್ತಿ, ಅಷ್ಟೇ. 1953ರಲ್ಲಿ ಹೊಸಪೇಟೆ ಬಳಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ ಇತ್ತ ಬಂದಂತೆ, ಭತ್ತದ ಬೇಸಾಯ ಬಲ್ಲ ಆಂಧ್ರದ ರೈತರೂ ಬಂದರು. ಜಮೀನು ಕೊಂಡು ಅಲ್ಲೇ ಗುಡಿಸಲು ಹಾಕಿದರು; ಅವೇ ಈ ಕ್ಯಾಂಪುಗಳಾದವು. ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೂ ಸರ್ಕಾರ ಇಲ್ಲೇ ನೆಲೆ ಕೊಟ್ಟಿತು. ಅವರ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಮನೆಯೊಳಗೆ ಬಂಗಾಳಿ, ಪೇಟೆಯಲ್ಲಿ ಕನ್ನಡ. ದಸರೆಗೆ ದುರ್ಗಾಪೂಜೆ ನೋಡಬೇಕು, ಎಷ್ಟು ಚೆಂದ!

ಪಕ್ಕದ ಮಸ್ಕಿಯ ಕಥೆ ಇನ್ನೂ ಹಳೆಯದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿ ಬಂಡೆಯ ಮೇಲೆ ಬ್ರಾಹ್ಮಿ ಬರಹ ಕಂಡರು. ಹಳೆಯ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಎಂಬ ದೊರೆ ಅಶೋಕನೇ ಎಂದು ಖಚಿತವಾದದ್ದು ಆ ಶಾಸನದಿಂದ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ.

ಆದರೆ ಈ ಸೀಮೆಗೆ ನಿಜವಾದ ಬಂಗಾರ ನೀರು. ಕಡಿಮೆ ನೀರಿನ ಬೆಳೆಗೆಂದೇ ರೂಪಿಸಿದ ಕಾಲುವೆಯಲ್ಲಿ ಇಂದು ಭತ್ತದ್ದೇ ರಾಜ್ಯಭಾರ. ಹಾಗಾಗಿ ನೀರು ತಲುಪದೆ ಮಾನ್ವಿ, ಸಿರವಾರದ ಕಾಲುವೆ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುತ್ತಾರೆ. ಸಿಂಧನೂರಿನ ಸೋನಾ ಮಸೂರಿ ಉಣ್ಣುವವರೇ, ಆ ರೈತರ ಪಾಲಿನ ನೀರಿನ ಬಗ್ಗೆಯೂ ದನಿ ಎತ್ತಿ.